ದುಬೈ ಕೆಲಸದ ಕಾಗದಗಳು: ಮಾಲೀಕ ಮಾಡಬೇಕಾದ್ದು, ಹೊರಡುವವರು ನೋಡಬೇಕಾದ್ದು

ಕೇಳುಗರಿಗೆಲ್ಲ ನಮಸ್ಕಾರ.

ಭಟ್ಕಳದಿಂದ ಮಂಗಳೂರಿನವರೆಗೆ ಗಲ್ಫಿನ ನಂಟಿಲ್ಲದ ಊರು ಸಿಗುವುದು ಕಷ್ಟ. ಆದರೂ ಅಲ್ಲಿಯ ಕಂಪನಿ ಒಬ್ಬ ಕೆಲಸಗಾರನನ್ನು ಕರೆಸಿಕೊಳ್ಳಲು ಏನೇನು ಮಾಡಬೇಕು ಎಂಬುದು ಹೊರಡುವವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಏಜೆಂಟ್ ಮೊಬೈಲಿಗೆ ಒಂದು ಪಿಡಿಎಫ್ ಕಳಿಸುತ್ತಾನೆ, ಮನೆಯವರು ದುಡ್ಡು ಹೊಂದಿಸುತ್ತಾರೆ, ಅಷ್ಟೆ. ಇವತ್ತು ದುಬೈ ಸೇರಿರುವ ಯುಎಇ ಒಂದನ್ನೇ ಹಿಡಿದು ಈ ಕಾಗದಗಳ ದಾರಿ ನೋಡೋಣ. ಸೌದಿ, ಕತಾರ್‌ಗಳ ಕ್ರಮ ಬೇರೆ. ಯುಎಇಯಲ್ಲೇ ಫ್ರೀ ಝೋನ್ ಎಂಬ ವಿಶೇಷ ವ್ಯಾಪಾರ ವಲಯಗಳ ಕಂಪನಿಗಳಿಗೆ ಆಯಾ ವಲಯದ ಪ್ರಾಧಿಕಾರ ಪರವಾನಗಿ ಕೊಡುತ್ತದೆ, ಅದನ್ನೂ ಇಲ್ಲಿ ಬಿಟ್ಟಿದ್ದೇನೆ.

ಶುರುವಾಗುವುದು ಮಾಲೀಕನ ಕಡೆಯಿಂದ. ಚಾಲ್ತಿಯಲ್ಲಿರುವ ಟ್ರೇಡ್ ಲೈಸೆನ್ಸ್, ಅಂದರೆ ವ್ಯಾಪಾರ ಪರವಾನಗಿ, ಇರಬೇಕು, ಕೆಲಸಗಾರರನ್ನು ಕರೆಸಲು ಕಂಪನಿ ನೋಂದಾಯಿಸಿಕೊಂಡಿದೆ ಎಂದು ತೋರಿಸುವ ಎಸ್ಟಾಬ್ಲಿಷ್‌ಮೆಂಟ್ ಕಾರ್ಡ್ ಇರಬೇಕು, ಇಷ್ಟು ಜನರನ್ನು ತೆಗೆದುಕೊಳ್ಳಬಹುದು ಎಂಬ ಕೋಟಾ ಇರಬೇಕು. ಲೈಸೆನ್ಸ್ ಅವಧಿ ಮುಗಿದಿದ್ದರೆ ಫೈಲು ಅಲ್ಲೇ ನಿಂತುಹೋಗುತ್ತದೆ. "ಇನ್ನೊಂದು ವಾರ, ಇನ್ನೊಂದು ವಾರ" ಎಂದು ಏಜೆಂಟ್ ರಾಗ ಎಳೆಯುವುದಕ್ಕೆ ಕೆಲವು ಸಲ ಕಾರಣ ಇದೇ.

ಮುಂದಿನದು ಆಫರ್ ಲೆಟರ್. ಎಲ್ಲಕ್ಕಿಂತ ಮುಖ್ಯವಾದ ಕಾಗದ ಇದೇ. ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಟೈಪ್ ಮಾಡಿದ್ದು ಲೆಕ್ಕಕ್ಕಿಲ್ಲ. ಅಲ್ಲಿನ ಕಾರ್ಮಿಕ ಸಚಿವಾಲಯದ ವ್ಯವಸ್ಥೆಯಿಂದಲೇ ಬಂದ, ಸಂಖ್ಯೆ ಇರುವ ನಮೂನೆ ಆಗಿರಬೇಕು. ಆ ಸಂಖ್ಯೆಯನ್ನು ಸಚಿವಾಲಯದ ಜಾಲತಾಣದಲ್ಲಿ ಹಾಕಿ ನೀವೇ ಪರೀಕ್ಷಿಸಬಹುದು. 2016ರ ಜನವರಿಯಿಂದ ಜಾರಿಯಾದ ನಿಯಮದ ಪ್ರಕಾರ ಕೆಲಸಗಾರ ಇದನ್ನು ಓದಿ ಸಹಿ ಹಾಕಿದ ಮೇಲೆಯೇ ವರ್ಕ್ ಪರ್ಮಿಟ್‌ಗೆ ಅರ್ಜಿ. ಅರಬ್ಬಿ, ಇಂಗ್ಲಿಷ್ ಜೊತೆಗೆ ಕೆಲಸಗಾರನಿಗೆ ತಿಳಿಯುವ ಮೂರನೆಯ ಭಾಷೆಯಲ್ಲೂ ಅದು ಇರಬೇಕು. ಆ ನಿಯಮ ಬಂದಾಗಿನ ಪಟ್ಟಿಯಲ್ಲಿ ಹಿಂದಿ, ಮಲಯಾಳಂ, ತಮಿಳು ಇದ್ದವು, ಕನ್ನಡ ಇರಲಿಲ್ಲ. ಇಂಗ್ಲಿಷ್ ಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸಾಲಾಗಿ ಓದಿಸಿಕೊಳ್ಳಿ.

ಓದುವಾಗ ಒಟ್ಟು ಸಂಬಳದ ಮೇಲೆ ಕಣ್ಣು ಹೋಗುವುದು ಸಹಜ. ನೀವು ನೋಡಬೇಕಾದ್ದು ಬೇಸಿಕ್ ಸಂಬಳ, ಅಂದರೆ ಭತ್ಯೆಗಳನ್ನು ಬಿಟ್ಟು ಉಳಿಯುವ ಮೂಲ ಸಂಬಳ. ಒಬ್ಬನಿಗೆ ಒಟ್ಟು 1,500 ದಿರ್ಹಮ್, ಅದರಲ್ಲಿ ಬೇಸಿಕ್ 600 ಎಂದುಕೊಳ್ಳಿ. ಇನ್ನೊಬ್ಬನಿಗೂ ಒಟ್ಟು 1,500, ಆದರೆ ಬೇಸಿಕ್ 1,000. ತಿಂಗಳ ಕೊನೆಗೆ ಇಬ್ಬರ ಕೈಗೂ ಬರುವುದು ಒಂದೇ. ಆದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟಾದ ಗ್ರಾಚ್ಯುಟಿಯ ಲೆಕ್ಕ ಹಾಕುವುದು ಬೇಸಿಕ್ ಮೇಲೆ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಬೇಸಿಕ್. ಮೂರು ವರ್ಷ ದುಡಿದು ಹೊರಟಾಗ ಮೊದಲನೆಯವನಿಗೆ 1,260 ದಿರ್ಹಮ್, ಎರಡನೆಯವನಿಗೆ 2,100. ಓವರ್‌ಟೈಮ್ ಲೆಕ್ಕವೂ ಬೇಸಿಕ್ ಮೇಲೆಯೇ. ಕೇಳುವುದಿದ್ದರೆ ಸಹಿ ಹಾಕುವ ಮೊದಲೇ ಕೇಳಬೇಕು. ಆಮೇಲೆ ಬರುವ ಕರಾರುಪತ್ರ ಈ ಆಫರ್ ಲೆಟರಿಗೆ ಹೊಂದಿಕೆಯಾಗಿಯೇ ಇರಬೇಕಾದ್ದರಿಂದ ಇಲ್ಲಿ ಒಪ್ಪಿಕೊಂಡದ್ದೇ ಅಲ್ಲಿಯೂ ಉಳಿಯುತ್ತದೆ.

ಆಫರ್ ಲೆಟರಿನ ಜೊತೆ ಪಾಸ್‌ಪೋರ್ಟ್ ಪ್ರತಿ, ಬಿಳಿ ಹಿನ್ನೆಲೆಯ ಫೋಟೋ ಹೋಗುತ್ತವೆ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ನಮ್ಮವರು ಎಡವುವುದು ಹೆಸರಿನಲ್ಲಿ. ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಇರುವುದು ಒಂದೇ ಪದದ ಹೆಸರು. 2022ರ ನವೆಂಬರಿನಲ್ಲಿ ಬಂದ ಸೂಚನೆಯ ಪ್ರಕಾರ ಇಂಥ ಒಂಟಿ ಹೆಸರಿನವರ ಪ್ರವೇಶಕ್ಕೆ ಯುಎಇ ತಡೆ ಹಾಕಿತು. ಮೊದಲು ಪಾಸ್‌ಪೋರ್ಟ್ ತಿದ್ದಿಸಿಕೊಂಡು ಆಮೇಲೆ ಅರ್ಜಿಗೆ ಕೊಡುವುದೇ ಕ್ಷೇಮ.

ನುರಿತ ಕೆಲಸದ ದರ್ಜೆಯಾದರೆ ವಿದ್ಯಾಭ್ಯಾಸದ ಪ್ರಮಾಣಪತ್ರಗಳ ಅಟೆಸ್ಟೇಶನ್, ಅಂದರೆ ಅವು ಅಸಲಿ ಎಂಬ ಅಧಿಕೃತ ಮುದ್ರೆ, ಬೇಕು. ಮೊದಲು ರಾಜ್ಯದ ಮಟ್ಟ, ನಂತರ ನಮ್ಮ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯ. ಒಂದು ಮೆಟ್ಟಿಲು ತಪ್ಪಿದರೂ ಮುಂದಿನವರು ಮುದ್ರೆ ಒತ್ತುವುದಿಲ್ಲ.

ಇಷ್ಟಾದ ಮೇಲೆ ಪರ್ಮಿಟ್‌ಗೆ ಪ್ರಾಥಮಿಕ ಒಪ್ಪಿಗೆ ಸಿಗುತ್ತದೆ. ಮಾಲೀಕ ಶುಲ್ಕ ಕಟ್ಟಿ, ತಲೆಗೆ ಕನಿಷ್ಠ 3,000 ದಿರ್ಹಮ್ ಬ್ಯಾಂಕ್ ಗ್ಯಾರಂಟಿ ಇಡಬೇಕು, ಇಲ್ಲವೇ ವಿಮೆ ಮಾಡಿಸಬೇಕು. ನಂತರ ಎಂಟ್ರಿ ಪರ್ಮಿಟ್ ಬರುತ್ತದೆ. ಅದಕ್ಕೆ 60 ದಿನದ ಅವಧಿ. ಇವೆಲ್ಲದರ ಖರ್ಚು ಮಾಲೀಕನದ್ದೇ. ಯುಎಇಯ ಕಾರ್ಮಿಕ ಕಾನೂನಾದ 2021ರ 33ನೇ ಕಾನೂನು ಇದನ್ನು ಕೆಲಸಗಾರನ ತಲೆಗೆ ಕಟ್ಟುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ. "ವೀಸಾ ಚಾರ್ಜ್" ಎಂದು ಲಕ್ಷಗಟ್ಟಲೆ ಕೇಳುವವನು ಕಂಪನಿ ಕಟ್ಟಿದ ದುಡ್ಡನ್ನೇ ನಿಮ್ಮಿಂದ ಮತ್ತೊಮ್ಮೆ ವಸೂಲಿ ಮಾಡುತ್ತಿದ್ದಾನೆ.

ಈಗ ಭಾರತದ ಕಡೆಯ ಕಾಗದ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು, ಅಂದರೆ ವಲಸೆಗೆ ಸರ್ಕಾರದ ಅನುಮತಿ ಬೇಕಾದದ್ದು. ಅವರು ಕೆಲಸಕ್ಕೆ ಹೊರಡಲು ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ಆ ಅನುಮತಿ ಬೇಕು. ಅದಕ್ಕಾಗಿ ಕಂಪನಿ ಆ ತಾಣದಲ್ಲಿ ನೋಂದಾಯಿಸಿಕೊಂಡಿರಬೇಕು. ಏಜೆಂಟ್ ಮೂಲಕವಾದರೆ ಎಂಥ ಕೆಲಸಕ್ಕೆ ಎಷ್ಟು ಜನ ಬೇಕು ಎಂಬ ಡಿಮ್ಯಾಂಡ್ ಲೆಟರ್, ಏಜೆಂಟನಿಗೆ ಅಧಿಕಾರ ಕೊಡುವ ಪವರ್ ಆಫ್ ಅಟಾರ್ನಿ ಮತ್ತು ಕರಾರಿನ ಮಾದರಿಯನ್ನು ಕಂಪನಿ ಕೊಡಬೇಕು. ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಾಯಿತನಾಗಿರಬೇಕು. ಅವನು ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ. ರಸೀದಿ ಕೇಳಿ ಪಡೆಯಿರಿ. ಇದರ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ: ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ಪರಿಹಾರ. ಪಾಲಿಸಿಯ ಪ್ರತಿ ಮನೆಯಲ್ಲಿ ಒಂದು ಇರಲಿ, ಪರಿಹಾರ ಕೇಳಬೇಕಾಗಿ ಬಂದರೆ ಕೇಳುವವರು ಮನೆಯವರು ತಾನೆ!

ಇಷ್ಟೆಲ್ಲ ತಪ್ಪಿಸಲು ಕೆಲವರು ವಿಸಿಟ್ ವೀಸಾದಲ್ಲಿ ಕಳಿಸುತ್ತಾರೆ, "ಅಲ್ಲಿ ಹೋದ ಮೇಲೆ ಬದಲಾಯಿಸಿಕೊಳ್ಳಬಹುದು" ಎನ್ನುತ್ತಾರೆ. ವಿಸಿಟ್ ವೀಸಾದವರಿಗೆ ಇ-ಮೈಗ್ರೇಟ್ ಅನುಮತಿ ಕೇಳುವುದಿಲ್ಲ, ಆಕರ್ಷಣೆ ಅಷ್ಟೇ. ಕಂಪನಿಯ ಕೋಟಾ ಮುಗಿದಿದ್ದರೆ ಬದಲಾವಣೆ ಆಗುವುದೇ ಇಲ್ಲ. ಅಷ್ಟರೊಳಗೆ ಕೆಲಸಕ್ಕೆ ಹಚ್ಚಿದರೆ ಅದು ಅಕ್ರಮ. ಯುಎಇ ಕಾರ್ಮಿಕ ಕಾನೂನಿನ 2024ರ ತಿದ್ದುಪಡಿಯ ನಂತರ ಪರ್ಮಿಟ್ ಇಲ್ಲದವರನ್ನು ದುಡಿಸಿಕೊಳ್ಳುವ ಮಾಲೀಕನಿಗೆ ದಂಡ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ. ಹೋದವನ ಕೈಯಲ್ಲಿ ಮಾತ್ರ ಕರಾರೂ ಇಲ್ಲ, ವಿಮೆಯೂ ಇಲ್ಲ.

ಸರಿಯಾದ ಪರ್ಮಿಟ್ಟಿನಲ್ಲಿ ಇಳಿದವರಿಗೆ ವೈದ್ಯಕೀಯ ಪರೀಕ್ಷೆ, ಎಮಿರೇಟ್ಸ್ ಐಡಿ ಎಂಬ ಅಲ್ಲಿನ ಗುರುತಿನ ಚೀಟಿಗೆ ಬೆರಳಚ್ಚು, ಕರಾರಿಗೆ ಸಹಿ. ಸಹಿಗೆ ಮುಂಚೆ ಊರಿನಿಂದ ತಂದ ಆಫರ್ ಲೆಟರನ್ನು ಪಕ್ಕದಲ್ಲಿಟ್ಟು ಹುದ್ದೆಯ ಹೆಸರು, ಬೇಸಿಕ್, ರಜೆ ಹೋಲಿಸಿ ನೋಡಿ. ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವಂತಿಲ್ಲ. ಸಂಬಳ ಸರ್ಕಾರದ ವೇತನ ರಕ್ಷಣಾ ವ್ಯವಸ್ಥೆಯ ಮೂಲಕವೇ ಬರಬೇಕು, ಕೈಗೆ ನಗದು ಕೊಟ್ಟರೆ ಅನುಮಾನಪಡಿ.

ತೊಂದರೆಯಾದರೆ ದುಬೈನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಯುಎಇಯೊಳಗಿಂದ ಉಚಿತವಾಗಿ ಕರೆ ಮಾಡಬಹುದು. ಸಂಖ್ಯೆ 800 46342. ಪೆನ್ನು ಹುಡುಕುತ್ತಿರುವವರಿಗಾಗಿ ಇನ್ನೊಮ್ಮೆ: ಎಂಟು ಸೊನ್ನೆ ಸೊನ್ನೆ, ನಾಲ್ಕು ಆರು ಮೂರು ನಾಲ್ಕು ಎರಡು. ನಮಸ್ಕಾರ.