ಕಂಪನಿ ಮೂಲಕ ಇವಿ ಕಾರು ಲೀಸ್: ತೆರಿಗೆ ಯಾರಿಗೆ ಉಳಿಯುತ್ತದೆ, ಯಾರಿಗೆ ಉಳಿಯುವುದಿಲ್ಲ?

[ದೃಶ್ಯ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶ, ಸಂಜೆ ಆರು ಗಂಟೆ. ಕಂಪನಿಯ ಗೇಟಿನಿಂದ ಹಸಿರು ನಂಬರ್ ಪ್ಲೇಟಿನ ಕಾರುಗಳು ಒಂದೊಂದಾಗಿ ಹೊರಬರುತ್ತಿವೆ.]

ನಮಸ್ಕಾರ. ಮೈಸೂರಿನಲ್ಲಿ ‘ಲೀಸ್’ ಎಂದ ಕೂಡಲೇ ನಮಗೆ ನೆನಪಾಗುವುದು ಮನೆಯ ಭೋಗ್ಯ. ಐದಾರು ಲಕ್ಷ ರೂಪಾಯಿಯನ್ನು ಮಾಲೀಕರ ಕೈಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಮನೆ ಬಿಡುವಾಗ ಅಷ್ಟೂ ಹಣವನ್ನು ಎಣಿಸಿಕೊಂಡು ಬರುವ ವ್ಯವಸ್ಥೆ ಅದು. ಕಾರಿನ ಲೀಸ್ ಇದಕ್ಕೆ ತೀರಾ ವಿರುದ್ಧ. ಇಲ್ಲಿ ತಿಂಗಳು ತಿಂಗಳೂ ಬಾಡಿಗೆ ಹೋಗುತ್ತದೆ, ಕೊನೆಯಲ್ಲಿ ಕಟ್ಟಿದ್ದು ಮರಳುವುದಿಲ್ಲ, ಕಾರೂ ತಾನಾಗಿ ನಿಮ್ಮದಾಗುವುದಿಲ್ಲ. ಹೀಗಿದ್ದೂ ಇದರಲ್ಲಿ ತೆರಿಗೆ ಉಳಿಯುತ್ತದೆ ಎಂಬ ಮಾತು ನಿಜ. ಆದರೆ ಅದು ಸಂಬಳವನ್ನು ಅವಲಂಬಿಸಿದೆಯೇ ಹೊರತು ಕಾರು ಬ್ಯಾಟರಿಯಲ್ಲಿ ಓಡುತ್ತದೆ ಎಂಬುದನ್ನಲ್ಲ.

ವ್ಯವಸ್ಥೆ ಇಷ್ಟೇ. ಲೀಸ್ ಸಂಸ್ಥೆಯು ಕಾರನ್ನು ಕೊಂಡು ನೀವು ಕೆಲಸ ಮಾಡುವ ಕಂಪನಿಗೆ ಬಾಡಿಗೆಗೆ ಕೊಡುತ್ತದೆ, ಕಂಪನಿ ಅದನ್ನು ನಿಮ್ಮ ಬಳಕೆಗೆ ಒಪ್ಪಿಸುತ್ತದೆ, ಬಾಡಿಗೆಯ ಮೊತ್ತವನ್ನು ನಿಮ್ಮ ಸಿಟಿಸಿಯಲ್ಲಿನ (ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚದಲ್ಲಿನ) ವಿಶೇಷ ಭತ್ಯೆಯಿಂದ ತೆರಿಗೆ ಲೆಕ್ಕಕ್ಕೆ ಮೊದಲೇ ಕಳೆಯುತ್ತದೆ. ಪಿಎಫ್ ಮತ್ತು ಗ್ರಾಚ್ಯುಟಿಯನ್ನು ಮೂಲವೇತನದ ಮೇಲೆ ಮಾತ್ರ ಲೆಕ್ಕ ಹಾಕುವ ಕಡೆ, ಮೂಲವೇತನವನ್ನು ಮುಟ್ಟದಿದ್ದರೆ ಅವಕ್ಕೆ ಧಕ್ಕೆಯಿಲ್ಲ. ಆದರೆ ಕಂಪನಿಯ ಕಾರನ್ನು ಸ್ವಂತ ಓಡಾಟಕ್ಕೂ ಬಳಸುವುದು ಒಂದು ಸವಲತ್ತು, ಅಂದರೆ ಪರ್ಕ್ವಿಸಿಟ್; ಅದಕ್ಕೊಂದು ಬೆಲೆ ಕಟ್ಟಿ ಸಂಬಳಕ್ಕೆ ಸೇರಿಸಬೇಕೆಂದು 2025-26ರ ಆರ್ಥಿಕ ವರ್ಷದವರೆಗೆ ಅನ್ವಯಿಸುವ 1962ರ ಆದಾಯ ತೆರಿಗೆ ನಿಯಮಾವಳಿಯ 3ನೇ ನಿಯಮ ಹೇಳುತ್ತದೆ. ಕಾರಿನ ಓಡಾಟದ ಖರ್ಚನ್ನೂ ಕಂಪನಿಯೇ ಭರಿಸಿದರೆ, 1.6 ಲೀಟರ್‌ವರೆಗಿನ ಎಂಜಿನ್ನಿಗೆ ತಿಂಗಳಿಗೆ 1,800 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,400 ರೂಪಾಯಿ; ಚಾಲಕನನ್ನೂ ಕೊಟ್ಟರೆ ಇನ್ನೂ 900. ಎಂಜಿನ್ನೇ ಇಲ್ಲದ ಇವಿಯನ್ನು ಯಾವ ಸಾಲಿಗೆ ಸೇರಿಸಬೇಕು ಎಂಬ ಪ್ರಶ್ನೆ ನಗು ತರಿಸುವಂಥದ್ದೇ. ಪೇರೋಲ್ ವಿಭಾಗಗಳು ಸಾಮಾನ್ಯವಾಗಿ 1,800ರ ಸಾಲನ್ನೇ ಹಿಡಿಯುತ್ತವೆ. ಸಂಬಳದಿಂದ ಹೊರಹೋಗುವ ದೊಡ್ಡ ಬಾಡಿಗೆ ಮತ್ತು ಸಂಬಳಕ್ಕೆ ಸೇರುವ ಈ ಸಣ್ಣ ಮೊತ್ತ, ಇವೆರಡರ ನಡುವಿನ ಅಂತರವೇ ನಿಮ್ಮ ಲಾಭ. ಇದು ವಿನಾಯಿತಿಯಲ್ಲ, ಬೆಲೆ ಕಟ್ಟುವ ಕ್ರಮ. ಆದ್ದರಿಂದಲೇ ಹೊಸ ತೆರಿಗೆ ಪದ್ಧತಿಯಲ್ಲಿಯೂ ಸಿಗುತ್ತದೆ.

[ದೃಶ್ಯ: ಬಿಳಿ ಹಲಗೆಯ ಮೇಲೆ ಲೆಕ್ಕ.]

ಈ ಲೆಕ್ಕ 2025-26ರ ಆರ್ಥಿಕ ವರ್ಷದ್ದು. 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಅನ್ವಯಿಸುವುದರಿಂದ, ಅನಂತರದ ತಿಂಗಳುಗಳಿಗೆ ಆ ಕಾಯ್ದೆಯ ನಿಯಮಾವಳಿಯಲ್ಲಿರುವ ಮೊತ್ತವನ್ನೇ ಹಾಕಿಕೊಳ್ಳಬೇಕು.

ವರ್ಷಕ್ಕೆ 26 ಲಕ್ಷ ಸಂಬಳದ ಒಬ್ಬ ಎಂಜಿನಿಯರ್ ಇದ್ದಾರೆ ಎಂದುಕೊಳ್ಳೋಣ. 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ತೆರಿಗೆಗೆ ಒಳಪಡುವುದು 25,25,000. ಹೊಸ ಪದ್ಧತಿಯಲ್ಲಿ ಸೆಸ್ ಸೇರಿ ತೆರಿಗೆ 3,51,000 ರೂಪಾಯಿ. ತಿಂಗಳಿಗೆ 30,000 ಬಾಡಿಗೆಯ ಇವಿ ತೆಗೆದುಕೊಂಡರೆ 3,60,000 ಹೊರಹೋಗಿ 21,600 ಒಳಬರುತ್ತದೆ. ಆಗ ಉಳಿಯುವ 21,86,600ಕ್ಕೆ ತೆರಿಗೆ 2,56,516. ಉಳಿತಾಯ 94,484 ರೂಪಾಯಿ. ಕೇಳಲು ಚೆನ್ನಾಗಿದೆ. ಆದರೆ ಈ ಉಳಿತಾಯಕ್ಕಾಗಿ ಅವರು 3,60,000 ರೂಪಾಯಿಯನ್ನು ಕೈಬಿಟ್ಟಿದ್ದಾರೆ ಎಂಬುದನ್ನು ಮಾರಾಟದವರು ತಮ್ಮ ಚಾರ್ಟಿನಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಹಾಗೂ ಕಾರು ಬೇಕೇ ಬೇಕು ಎನ್ನುವವರಿಗೆ ಮಾತ್ರ ಇದು ಉಳಿತಾಯ, ಉಳಿದವರಿಗೆ ಖರ್ಚು.

ಈಗ 12,75,000 ರೂಪಾಯಿವರೆಗೆ ಸಂಬಳ ಇರುವವರ ವಿಷಯ. ಹೊಸ ಪದ್ಧತಿಯಲ್ಲಿ ಅವರು ಕಟ್ಟಬೇಕಾದ ತೆರಿಗೆಯೇ ಸೊನ್ನೆ. ಸೊನ್ನೆಯಿಂದ ಏನನ್ನು ಉಳಿಸುವುದು? 13 ಲಕ್ಷದವರಿಗೂ ಮಾರ್ಜಿನಲ್ ರಿಲೀಫ್ (ಮಿತಿಯನ್ನು ಸ್ವಲ್ಪವೇ ದಾಟಿದವರಿಗೆ ಕೊಡುವ ರಿಯಾಯಿತಿ) ಕಳೆದು ತೆರಿಗೆ 26,000 ಮಾತ್ರ. ಅದಕ್ಕಾಗಿ ನಾಲ್ಕು ವರ್ಷದ ಬಾಡಿಗೆಯ ಕರಾರಿಗೆ ಸಹಿ ಹಾಕುವುದನ್ನು ನಾನಂತೂ ಒಪ್ಪುವುದಿಲ್ಲ.

ಹಾಗಾದರೆ ಇವಿಗೆ ವಿಶೇಷ ಲಾಭವೇನೂ ಇಲ್ಲವೇ? ಇದೆ, ಆದರೆ ಜಿಎಸ್‌ಟಿಯಲ್ಲಿ. ಬಾಡಿಗೆಯ ಮೇಲೆ ಬೀಳುವ ಜಿಎಸ್‌ಟಿ ಆ ವಾಹನದ ಮಾರಾಟದ ದರವನ್ನೇ ಅನುಸರಿಸುತ್ತದೆ. ಇವಿಗೆ ಅದು 2019ರ ಆಗಸ್ಟ್‌ನಿಂದ ಶೇ. 5, ದೊಡ್ಡ ಪೆಟ್ರೋಲ್, ಡೀಸೆಲ್ ಎಸ್‌ಯುವಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 40. ಇನ್ನು ಇವಿ ಸಾಲದ ಬಡ್ಡಿಗೆ ಒಂದೂವರೆ ಲಕ್ಷದವರೆಗೆ ಕಡಿತ ಕೊಡುತ್ತಿದ್ದ 80ಇಇಬಿ ಕಲಮಿನ ಹೆಸರನ್ನು ಶೋರೂಮಿನಲ್ಲಿ ಯಾರಾದರೂ ಎತ್ತಿದರೆ ನಸುನಕ್ಕು ಸುಮ್ಮನಿರಿ: ಅದು 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರ ನಡುವೆ ಮಂಜೂರಾದ ಸಾಲಗಳಿಗೆ, ಅದೂ ಹಳೆಯ ಪದ್ಧತಿಯಲ್ಲಿರುವವರಿಗೆ ಮಾತ್ರ.

ಹೆಚ್ಚಿನವರು ಗಮನಿಸದ ಒಂದು ಷರತ್ತು ಇದೆ. 1,800ರ ದರ ಅನ್ವಯಿಸುವುದು ಕಾರು ಭಾಗಶಃ ಕಚೇರಿ ಕೆಲಸಕ್ಕೂ ಬಳಕೆಯಾದಾಗ. ಪೂರ್ತಿ ಸ್ವಂತಕ್ಕೇ ಬಳಸಿದರೆ ಬಾಡಿಗೆಯೂ ಓಡಾಟದ ಖರ್ಚೂ ಪೂರ್ಣವಾಗಿ ಸಂಬಳಕ್ಕೆ ಸೇರುತ್ತವೆ. ಲಾಭ ಅಲ್ಲಿಗೆ ಮುಗಿಯಿತು. ಆದ್ದರಿಂದ ಬೆಂಗಳೂರಿನ ಕಚೇರಿಗೆ ಮೀಟಿಂಗಿಗೆ ಹೋದ ದಿನಗಳನ್ನು ಬರೆದಿಡುವುದು ಒಳ್ಳೆಯದು. ಚಾರ್ಜಿಂಗ್ ಖರ್ಚಿನದೂ ಇದೇ ಪಾಡು. ಎಕ್ಸ್‌ಪ್ರೆಸ್‌ವೇ ಪಕ್ಕದ ಚಾರ್ಜರಿನಲ್ಲಿ ಆ್ಯಪ್ ರಸೀದಿ ಕೊಡುತ್ತದೆ. ಕುವೆಂಪುನಗರದ ಮನೆಯಲ್ಲಿ ರಾತ್ರಿ ಚಾರ್ಜ್ ಮಾಡಿದರೆ ಸೆಸ್ಕ್‌ನ ವಿದ್ಯುತ್ ಬಿಲ್ಲಿನಲ್ಲಿ ಕಾರಿನ ಯೂನಿಟ್ಟೂ ಗ್ರೈಂಡರಿನ ಯೂನಿಟ್ಟೂ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಅಂಥ ಬಿಲ್ಲನ್ನು ನಿಮ್ಮ ಕಂಪನಿ ಒಪ್ಪುತ್ತದೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಿ.

ಕರಾರು ಮುಗಿದ ಮೇಲೆ ಕಾರು ಉಳಿಸಿಕೊಳ್ಳಬೇಕೆಂದರೆ ಮತ್ತೆ ಹಣ ಬೇಕು. ಕಾರು ಕಂಪನಿಯದೇ ಆಗಿದ್ದು ಅದನ್ನು ನಿಮಗೆ ಮಾರಿದರೆ, ಪೂರ್ತಿಯಾದ ಪ್ರತಿ ವರ್ಷಕ್ಕೆ ಉಳಿದ ಬೆಲೆಯ ಶೇ. 20ರಂತೆ ಸವಕಳಿ ಕಳೆಯಬೇಕು. 15 ಲಕ್ಷದ ಕಾರು ನಾಲ್ಕು ವರ್ಷದ ನಂತರ 6,14,400. ಅದಕ್ಕಿಂತ ಕಡಿಮೆಗೆ ಕೊಟ್ಟರೆ ವ್ಯತ್ಯಾಸವೂ ಸಂಬಳವೇ. ನನ್ನ ಗೆಳೆಯರೊಬ್ಬರಿಗೆ ಪೆಟ್ಟು ಬಿದ್ದದ್ದು ಬೇರೆ ಕಡೆ: ಎರಡನೇ ವರ್ಷದಲ್ಲಿ ಕೆಲಸ ಬದಲಿಸಿದಾಗ ಅವಧಿಪೂರ್ವ ಮುಕ್ತಾಯದ ಶುಲ್ಕವನ್ನು ಕೊನೆಯ ಸೆಟಲ್‌ಮೆಂಟಿನಲ್ಲಿ ಹಿಡಿದುಕೊಂಡರು, ಎರಡು ವರ್ಷದ ತೆರಿಗೆ ಉಳಿತಾಯದ ಬಹುಪಾಲು ಅದರಲ್ಲೇ ಕರಗಿತು.

[ದೃಶ್ಯ: ಫಾರ್ಮ್ 12ಬಿಎ, ಕಾರಿನ ಸಾಲಿನ ಮೇಲೆ ಬೆರಳು.]

2025-26ರ ಆರ್ಥಿಕ ವರ್ಷದ ಫಾರ್ಮ್ 16ರ ಜೊತೆ ಬರುವ, ಸವಲತ್ತುಗಳ ಪಟ್ಟಿಯಾದ 12ಬಿಎಯಲ್ಲಿ ಕಾರಿನ ಸಾಲನ್ನು ನೋಡಿ. 1,800ರ ಸಾಲಿನ ಕಾರು ಚಾಲಕನಿಲ್ಲದೆ ಹನ್ನೆರಡೂ ತಿಂಗಳು ನಿಮ್ಮ ಬಳಿಯಿದ್ದು, ಓಡಾಟದ ಖರ್ಚನ್ನೂ ಕಂಪನಿಯೇ ಭರಿಸಿದ್ದರೆ ಅಲ್ಲಿ 21,600 ಇರಬೇಕು. ಸಾಲು ಖಾಲಿಯಿದ್ದರೆ, ರಿಟರ್ನ್ ಸಲ್ಲಿಸುವ ಮೊದಲೇ ಪೇರೋಲ್ ವಿಭಾಗಕ್ಕೆ ಮೇಲ್ ಬರೆಯಿರಿ.