ಟೀಸರ್ ಬಂದಾಗ ಮೊದಲ ಕಾಲು ನೋಡ್ರಿ | ಮುಂದ ಬರೋ ಆ್ಯನಿಮೇಷನ್ ಸಿನಿಮಾ ಮತ್ತ ಹುಬ್ಬಳ್ಳಿ ಟಿಕೆಟ್ ಲೆಕ್ಕ

ಹಾಂ, ಚಾಲೂ ಆತು. ಧಾರವಾಡದಿಂದ ಚಿಗರಿ ಬಸ್ಸಿನ್ಯಾಗ ಹೊಂಟೀವಿ, ಹುಬ್ಬಳ್ಳಿ ಮುಟ್ಟೂತನಕ ಟೈಮ್ ಐತಿ. ಕಿಟಕಿ ಹೊರಗಿಂದು ನೀವು ನೋಡ್ಕೋತ ಇರ್ರಿ, ನಾ ಹೇಳ್ಕೋತ ಹೊಕ್ಕೀನಿ. ಇವತ್ತ ಆ್ಯನಿಮೇಷನ್ ಸಿನಿಮಾದ ಮಾತು. ಮುಂದ ಯಾವ್ಯಾವ ಬರ್ತಾವ, ಯಾವುದಕ್ಕ ಕಾಯಬೇಕು, ಬಂದ ಮ್ಯಾಲ ಎಂಥಾ ಟಿಕೆಟ್ ತಗೋಬೇಕು.

ತಾರೀಖು ಮೊದಲ ಹೇಳಿ ಮುಗಿಸ್ತೀನಿ. ‘ಟಾಯ್ ಸ್ಟೋರಿ 5’ 2026ರ ಜೂನ್ 19ಕ್ಕ. ಸ್ಪೈಡರ್-ಮ್ಯಾನ್‌ನ ಆ್ಯನಿಮೇಷನ್ ಸರಣಿ ಸ್ಪೈಡರ್-ವರ್ಸ್‌ದ ಮೂರನೇದು, ‘ಬಿಯಾಂಡ್ ದ ಸ್ಪೈಡರ್-ವರ್ಸ್’, 2027ರ ಜೂನ್‌ಕ್ಕ. ‘ಶ್ರೆಕ್ 5’ ಕೂಡ 2027. ‘ಫ್ರೋಜನ್ 3’ ಅದೇ ವರ್ಷ ನವೆಂಬರ್‌ಕ್ಕ. ನಮ್ಮ ಕಡೆಯಿಂದ ‘ಮಹಾವತಾರ ಪರಶುರಾಮ’, ಅದೂ 2027. ಇವೆಲ್ಲಾ ಘೋಷಣೆ ಮಾಡಿದ ತಾರೀಖು, ಕಲ್ಲಾಗ ಕೊರೆದದ್ದಲ್ಲ. ಬಿಯಾಂಡ್ ಮೊದಲ 2024ರ ಮಾರ್ಚ್‌ಕ್ಕ ಬರಬೇಕಿತ್ತು. 2023ರಾಗ ಹಾಲಿವುಡ್ ನಟರ ಮುಷ್ಕರ ನಡೆದಾಗ ಪಟ್ಟಿಯಿಂದನ ತಗದ್ರು. ಮೂರು ವರ್ಷ ಮುಂದಕ್ಕ ಹೋತು.

ಮುಂದಕ್ಕ ಹೋದ್ರ ಸಿಟ್ಟಾಗಬ್ಯಾಡ್ರಿ. ಆ್ಯನಿಮೇಷನ್‌ದಾಗ ಅವಸರ ಮಾಡಿದ್ರ ಅದು ಪರದೆ ಮ್ಯಾಲ ಕಂಡ ಕಾಣತೈತಿ. ಒಂದು ಸೆಕೆಂಡಿಗೆ 24 ಫ್ರೇಮ್, ಅಂದ್ರ 24 ಬಿಡಿ ಚಿತ್ರ. 1995ರ ಮೊದಲನೇ ಟಾಯ್ ಸ್ಟೋರಿ, ಪೂರ್ತಿ ಕಂಪ್ಯೂಟರ್‌ನ್ಯಾಗ ಮಾಡಿದ ಮೊಟ್ಟಮೊದಲ ಸಿನಿಮಾ, ಒಂದೂ ಕಾಲು ತಾಸಿಗಿಂತ ಚೂರು ಹೆಚ್ಚು ಐತಿ ಅಷ್ಟ. ಅದಕ್ಕ 1,14,240 ಫ್ರೇಮ್ ಬೇಕಾದ್ವು. ರೆಂಡರ್ ಮಾಡಾಕ, ಅಂದ್ರ ಒಂದೊಂದು ಫ್ರೇಮಿನ ಕಡೀ ಚಿತ್ರ ತಗ್ಯಾಕ, 117 ಕಂಪ್ಯೂಟರ್ ಕುಂದ್ರಿಸಿದ್ರು, ಹಗಲು ರಾತ್ರಿ ಓಡಿದ್ವು.

ಅದರಾಗ ಒಂದು ಜಾಣತನ ಗಮನಿಸ್ರಿ. ಗೊಂಬಿಗಳನ್ನ ಯಾಕ ಆರಿಸ್ಕೊಂಡ್ರು? ಅವತ್ತಿನ ಕಂಪ್ಯೂಟರ್‌ಗೆ ಪ್ಲಾಸ್ಟಿಕ್ ಸಲೀಸು. ನುಣುಪು, ಹೊಳಪು, ಗಟ್ಟಿ. ಮನಷ್ಯಾರ ಚರ್ಮ, ಕೂದಲಾ, ಅರಿವಿ ಅಂದ್ರ ಕಷ್ಟ. ಈಗ ಹೊಳ್ಳಿ ಹಾಕಿ ನೋಡ್ರಿ, ಗೊಂಬಿಗಳಾದ ವುಡಿ ಮತ್ತ ಬಝ್ ಇನ್ನೂ ಚಂದ ಕಾಣ್ತಾರ, ಆದ್ರ ಆ ಹುಡುಗ ಆ್ಯಂಡಿ, ಪಕ್ಕದ ಮನಿ ಸಿಡ್, ಅವನ ನಾಯಿ, ಇವು ಮೂರೂ ಹಳೇವಾಗ್ಯಾವ. ಕೈಗೆ ಸಿಕ್ಕ ಸಾಮಾನಿಗೆ ತಕ್ಕ ಕತಿ ಹೆಣಿಯೋದು ಅಂದ್ರ ಇದು.

ನವನಗರ ದಾಟೀವಿ. ಬೇಗ ಹೇಳ್ತೀನಿ.

ಈಗ ನಮ್ಮದು. ‘ಮಹಾವತಾರ ನರಸಿಂಹ’, 2025ರ ಜುಲೈ 25. ಅಶ್ವಿನ್ ಕುಮಾರ್ ನಿರ್ದೇಶನ, ಕ್ಲೀಮ್ ಪ್ರೊಡಕ್ಷನ್ಸ್ ಮಾಡಿದ್ದು, ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ್ದು. ಕನ್ನಡದಾಗೂ ಬಂತು, 300 ಕೋಟಿ ಮ್ಯಾಲ ಗಳಿಸ್ತು. ನಮ್ಮ ದೇಶದ ಯಾವ ಆ್ಯನಿಮೇಷನ್ ಸಿನಿಮಾನೂ ಅಷ್ಟು ಗಳಿಸಿರಲಿಲ್ಲ. ಮೊದಲ ಅರ್ಧದಾಗ ನಡಿಗಿ ಸರಿ ಇಲ್ಲ, ಇದು ನನ್ನ ಖಡಕ್ ಅಭಿಪ್ರಾಯ. ಮಂದಿ ನಡದಾಗ ಪಾದ ನೆಲದ ಮ್ಯಾಲ ಜಾರತಾವ. ಯಾಕ ಹಿಂಗ ಆಗತೈತಿ ಅಂದ್ರ, ಮೈ ಮುಂದಕ್ಕ ಹೋಗೋ ವೇಗ ಬ್ಯಾರೆ, ಕಾಲು ಎತ್ತಿ ಇಡೋ ಅಳತಿ ಬ್ಯಾರೆ. ಎರಡೂ ಕೂಡದಿದ್ರ, ಹಸೀ ಹಾಸುಗಲ್ಲಿನ ಮ್ಯಾಲ ಸರಿದಂಗ ಕಾಣತೈತಿ. ಒಂದೊಂದು ಹೆಜ್ಜಿಗೂ ಪಾದವನ್ನ ನೆಲಕ್ಕ ಕಟ್ಟಿಹಾಕಿ ಸರಿಮಾಡಬೇಕು. ಆಸ್ಥಾನದಾಗ ನೂರು ಮಂದಿ ಇದ್ರ ಅದು ನೂರು ಪಟ್ಟು ಕೆಲಸ.

ಈ ಕಡೆ ಉಣಕಲ್ ಕೆರಿ. ನೀರು ಚಂದ ಕಾಣಾಕತ್ತೈತಿ, ಒಂದು ಗಳಿಗಿ ಸುಮ್ನಿರ್ತೀನಿ.

ನರಸಿಂಹನ ಮಾತು ಪೂರ್ತಿ ಆಗಿಲ್ಲ. ಕಂಬ ಒಡದ ಮ್ಯಾಲ ಎಲ್ಲಾ ಬದಲಾಗತೈತಿ. ಅಲ್ಲಿ ತೂಕ ಐತಿ. ನಮ್ಮ ದೊಡ್ಡಾಟದಾಗ ರಾಕ್ಷಸನ ಪಾತ್ರಧಾರಿ ಅಟ್ಟದ ಮ್ಯಾಲ ಹೆಜ್ಜಿ ಅಪ್ಪಳಿಸಿದ್ರ ಹಲಗಿ ಗುಡಗತೈತಿ, ಮುಂದ ಕುಂತವ್ರ ಎದಿಗೆ ಬಡೀತೈತಿ. ಆ ತೂಕ ಇಲ್ಲೂ ಐತಿ. ಹೆಗಲು ಮೊದಲ ತಿರಗತೈತಿ, ಆಮ್ಯಾಲ ತೋಳು, ಕಡೀಕ ಉಗುರು. ಕೇಸರ ಒಂದು ಕ್ಷಣ ತಡೆದು ಹಿಂದ ಬರತೈತಿ. ಹಂಗಾಗಿ ಮೊದಲು ಹೇಳಿದ್ದನ್ನ ಸ್ವಲ್ಪ ತಿದ್ದಬೇಕು. ಟಾಯ್ ಸ್ಟೋರಿ ಮಾಡಿದ ಪಿಕ್ಸಾರ್‌ದವ್ರು ಸಲೀಸಾದ ಗೊಂಬಿಯಿಂದ ಶುರು ಮಾಡಿದ್ರು. ಇವ್ರಿಗೆ ಆ ಅನುಕೂಲ ಇರಲಿಲ್ಲ. ರೇಷ್ಮಿ, ಒಡವಿ, ಉದ್ದ ಕೂದಲಾ, ಜನಜಂಗುಳಿ, ಬೆಂಕಿ, ಕಷ್ಟದ್ದೆಲ್ಲಾ ಮೊದಲನೇ ಸಿನಿಮಾದಾಗ ಒಮ್ಮೆಲೆ ಬಂತು. ಹೋಲಿಸೋವಾಗ ಏನು ಕೈಗೆತ್ತಿಕೊಂಡಿದ್ರು ಅನ್ನೋದನ್ನ ಲೆಕ್ಕಕ್ಕ ಹಿಡೀಬೇಕು.

ಈ ಮಹಾವತಾರದವ್ರು 2037ರತನಕ ಪಟ್ಟಿ ಕೊಟ್ಟಾರ, ಎರಡು ವರ್ಷಕ್ಕೊಂದರಂಗ, ಒಟ್ಟು ಏಳು. ಎರಡು ವರ್ಷದಾಗ ಒಂದು ಸಿನಿಮಾ ಮುಗಿಬೇಕಂದ್ರ ಇದರ ಕೆಲಸ ನಡೆದಾಗನ ಮುಂದಿಂದರ ಮಾಡೆಲ್, ಪಾತ್ರನ ಕದಲಿಸೋ ಒಳಗಿನ ಮೂಳೆಕಟ್ಟು ಎಲ್ಲಾ ತಯಾರಾಗ್ತಿರಬೇಕು. ಪರಶುರಾಮನ ಟೀಸರ್ ಬಂದಾಗ ಮೊದಲ ಕಾಲು ನೋಡ್ರಿ, ಪಾದ ಜಾರತಾವೋ ಇಲ್ಲೋ. ಎರಡನೇದು ಕೊಡಲಿ ಹಿಡದ ಕೈ. ಬೆರಳು ಹಿಡಿಕಿಗೆ ಒತ್ತಿ ಕುಂತಿರಬೇಕು, ನಡುವ ಸಂದು ಇರಬಾರದು, ಹಿಡಿಕಿಯೊಳಗ ಬೆರಳು ಹೊಕ್ಕಿರಲೂಬಾರದು. ಮುಖದ ಹೊಳಪಿಗೆ ಮರುಳಾಗಬ್ಯಾಡ್ರಿ. ಹೊಳಪು ದುಡ್ಡಿನಿಂದ ಬರತೈತಿ. ಹಿಡಿತ ಬರೋದು ಅದರ ಹಿಂದ ಕುಂತ ಆ್ಯನಿಮೇಟರ್‌ನಿಂದ.

ಹೊಸೂರ ಬಂತು, ಇಳೀತೀವಿ.

ಇದು ಥೇಟರ್ ಮುಂದಿನ ಬೋರ್ಡ್. ಇಲ್ಲಿ ಸ್ವಲ್ಪ ಹೊತ್ತು ನಿಂದ್ರತೀನಿ, ಯಾಕಂದ್ರ ದುಡ್ಡು ಸೋರೋದು ಇಲ್ಲೇ. ಟಿಕೆಟ್ ದರ 200 ಅಂತ ಇಟ್ಕೋರಿ. ಅದರ ಮ್ಯಾಲ ಜಿಎಸ್‌ಟಿ 18 ಪರ್ಸೆಂಟ್, 36 ರೂಪಾಯಿ. 236 ಆತು. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿ ಮತ್ತ ಅದರ ಕೆಳಗಿನ ಟಿಕೆಟ್‌ಗೆ ಬರೇ 5 ಪರ್ಸೆಂಟ್, ಅಂದ್ರ 100ರ ಟಿಕೆಟ್‌ಗೆ 105. ದರ 101 ಮಾಡಿದ್ರು ಅಂದ್ರ 18 ಪರ್ಸೆಂಟ್ ಬೀಳತೈತಿ, 119 ರೂಪಾಯಿ 18 ಪೈಸೆ. ಒಂದು ರೂಪಾಯಿ ಏರಿದ್ದಕ್ಕ ಹದಿನಾಲ್ಕು ರೂಪಾಯಿ ಕೈ ಬಿಡತೈತಿ. ಅದಕ್ಕ ಹಳೇ ಥೇಟರ್‌ದಾಗ 100ರ ಒಳಗಿನ ಕ್ಲಾಸ್ ಇದ್ರ ಅದನ್ನ ಬಿಡಬ್ಯಾಡ್ರಿ. ಅದೇ ತಿಂಗಳ ಸರ್ಕಾರ ರಾಜ್ಯದಾಗ 200 ರೂಪಾಯಿ ಮಿತಿ ತಂದಿತ್ತು, ಆದ್ರ ಅದಕ್ಕ ಹೈಕೋರ್ಟ್ ತಡೆ ಕೊಟ್ಟಿತು.

ಆ್ಯಪ್‌ನ್ಯಾಗ ಬುಕ್ ಮಾಡಿದ್ರ ಕನ್ವೀನಿಯನ್ಸ್ ಫೀ ಅಂತ ಮತ್ತೊಂದು, ಅದರ ಮ್ಯಾಲೂ ಜಿಎಸ್‌ಟಿ. ಅದು ಬುಕಿಂಗ್‌ಗೆ ಒಂದಲ್ಲ, ಟಿಕೆಟ್‌ಗೆ ಒಂದು. ಅವ್ವ, ಅಪ್ಪ, ಎರಡು ಹುಡುಗೂರು ಅಂದ್ರ ನಾಲ್ಕು ಸಲ. ಕೌಂಟರ್‌ದಾಗ ಇದು ಇಲ್ಲ. ಬಿಡುಗಡೆ ಆಗಿ ಎರಡನೇ ವಾರ, ಸೋಮವಾರದಿಂದ ಗುರುವಾರದೊಳಗ ಹೋಗೋರು ಸೀದಾ ಕೌಂಟರ್‌ಗೆ ಹೋಗ್ರಿ, ಸೀಟು ಇರತಾವ.

ಇನ್ನ 3ಡಿ. ಈ ಕನ್ನಡಕ ಹತ್ರದಿಂದ ತೋರಿಸ್ತೀನಿ. ಎಡಗಡೆ ಗಾಜಿನ ಮ್ಯಾಲ ಹೆಬ್ಬೆರಳಿನ ಗುರ್ತು, ಎಣ್ಣಿ ಪಸಿ, ನಡುವ ಒಂದು ಉದ್ದನ್ನ ಗೀರು. ಪಾಪ್‌ಕಾರ್ನ್ ತಿಂದ ಕೈಯಾಗ ಹಿಡದಾರ. ಇದಕ್ಕ ಬಾಡಿಗಿ ಬ್ಯಾರೆ! ಒಣ ಟಿಶ್ಯೂಲೆ ತಿಕ್ಕಬ್ಯಾಡ್ರಿ, ಗೀರು ಹೆಚ್ಚಾಗತಾವ. ನೀರು ಹಚ್ಚಿದ ಹತ್ತಿ ಕರ್ಚೀಫ್‌ಲೆ ಒತ್ತಿ ಒರಸ್ರಿ. ಬ್ಯಾಟರಿ ಇಲ್ಲದ ಹಗೂರ ಕನ್ನಡಕ ಅಂದ್ರ ಪೋಲರೈಸ್ಡ್, ಅಂದ್ರ ಒಂದೊಂದು ಕಣ್ಣಿಗೆ ಅದರದರ ಚಿತ್ರ ಅಷ್ಟ ಬಿಡೋ ಫಿಲ್ಟರ್, ಅದಕ್ಕ ಬೆಳ್ಳಿ ಲೇಪದ ಪರದೆ ಬೇಕು. ಬೆಳ್ಳಿ ಪರದೆ ನಡುವ ಬೆಳಗತೈತಿ, ಅಂಚಿನ್ಯಾಗ ಕಂದತೈತಿ. ಹಂಗಾಗಿ ಮೂಲ್ಯಾಗಿನ ಸೀಟು ತಗೊಂಡ್ರ ದುಡ್ಡು ದಂಡ.

3ಡಿಯಾಗ ಚಿತ್ರ ಕತ್ತಲಿ ಯಾಕ ಆಗತೈತಿ ಅಂದ್ರ, ಪ್ರೊಜೆಕ್ಟರ್ ಒಂದ ಇರತೈತಿ. ಎಡಗಣ್ಣಿಂದು, ಬಲಗಣ್ಣಿಂದು ಪಾಳಿ ಮ್ಯಾಲ ತೋರಸ್ತೈತಿ. ಒಂದೊಂದು ಕಣ್ಣಿಗೆ ಒಂದೊಂದು ಫ್ರೇಮ್ ಮೂರು ಸಲ, 24 ಗುಣಿಸು 3 ಗುಣಿಸು 2, ಸೆಕೆಂಡಿಗೆ 144 ಸಲ. ಒಂದು ಕಣ್ಣಿಗೆ ಅರ್ಧ ಹೊತ್ತು ಬೆಳಕ ಇಲ್ಲ. ಉಳಿದ ಅರ್ಧದಾಗ ಫಿಲ್ಟರ್ ಮತ್ತಷ್ಟು ನುಂಗತೈತಿ. ಪರದೆ ಬೆಳಕನ್ನ ಫುಟ್-ಲ್ಯಾಂಬರ್ಟ್ ಅನ್ನೋ ಮಾನದಾಗ ಅಳೀತಾರ; 2ಡಿಗೆ ಅದು 14 ಇರಬೇಕಂತ ಅಳತಿ ಐತಿ, 3ಡಿಯಾಗ ಭಾಳ ಕಡೆ ಅದು ನಾಲ್ಕೈದಕ್ಕ ಇಳೀತೈತಿ. ನರಸಿಂಹನ ಸಂಜಿಹೊತ್ತಿನ ಕೆಂಪು, ಸ್ಪೈಡರ್-ವರ್ಸ್‌ದ ರಾತ್ರಿ ಊರು, ಎರಡೂ ಮಬ್ಬು ಹಿಡೀತಾವ. ಬಣ್ಣ ಹಚ್ಚಿದವ್ರು ವಾರಗಟ್ಟಲೆ ದುಡಿದು ಆರಿಸಿದ ಬಣ್ಣ ಅದು, ನಮಗ ಮುಟ್ಟಬೇಕು. ನನ್ನ ಮಾತು ಕೇಳ್ರಿ, 2ಡಿ ತಗೋರಿ. ಪರದೆಯಿಂದ ಹಿಂದಕ್ಕ ಮೂರನೇ ಎರಡು ಭಾಗದ ಸಾಲು, ಸರೀ ನಡುವ.

ಸಾಕು. ಹೊಟ್ಟಿ ಹಸದೈತಿ, ಮಿರ್ಚಿ ಅಂಗಡಿಗೆ ಬಂದೀವಿ. ಗಿರ್ಮಿಟ್ ಕಲಿಸೋದ್ರಾಗ ಲ್ಯಾಪ್‌ಟಾಪ್ ತಗೀತೀನಿ.

ಇದನ್ನ ನೀವೂ ಮಾಡ್ರಿ. ಯೂಟ್ಯೂಬ್‌ನ್ಯಾಗ ಟ್ರೇಲರ್ ನಿಲ್ಲಿಸ್ರಿ, ಕೀಬೋರ್ಡ್‌ದಾಗ ಫುಲ್‌ಸ್ಟಾಪ್ ಒತ್ರಿ. ಒಂದ ಫ್ರೇಮ್ ಮುಂದ ಹೋತು. ಕಾಮಾ ಒತ್ತಿದ್ರ ಒಂದು ಹಿಂದ. ಒತ್ತಿದಾಗೊಮ್ಮೆ ಪಾತ್ರ ಕದಲಿದ್ರ ಅದು ಆನ್ ಒನ್ಸ್, ಸೆಕೆಂಡಿಗೆ 24 ಭಂಗಿ. ಎರಡು ಸಲ ಒತ್ತಿದ ಮ್ಯಾಲ ಒಮ್ಮೆ ಕದಲಿದ್ರ ಆನ್ ಟೂಸ್, 12 ಭಂಗಿ. 2018ರ ‘ಇನ್ಟು ದ ಸ್ಪೈಡರ್-ವರ್ಸ್’ದಾಗ ಹಿಮದ ಕಾಡಿನ ದೃಶ್ಯ ಐತಲ್ರಿ, ಪಳಗಿದ ಸ್ಪೈಡರ್-ಮ್ಯಾನ್ ಪೀಟರ್ ಒನ್ಸ್ ಮ್ಯಾಲ ಹಾರತಾನ, ಹೊಸ ಹುಡುಗ ಮೈಲ್ಸ್ ಟೂಸ್ ಮ್ಯಾಲ. ಒಂದ ಚೌಕಟ್ಟಿನ್ಯಾಗ ಇಬ್ಬರದೂ ಲಯ ಬ್ಯಾರೆ. ಹುಡುಗ ಇನ್ನೂ ಕಲಿಯಾಕತ್ತಾನ ಅಂತ ಯಾರೂ ಬಾಯಿಬಿಟ್ಟು ಹೇಳೋದಿಲ್ಲ, ಕಣ್ಣಿಗೆ ತಿಳೀತೈತಿ. ಮುಂದ ಅವನೂ ಪಳಗಿದಂಗ ಒನ್ಸ್‌ಗೆ ಬರತಾನ.

ಎಲ್ಲಿ ತಪ್ಪು ಆಗತೈತಿ ಅಂದ್ರ, ಹಿನ್ನೆಲಿ ನೋಡಬ್ಯಾಡ್ರಿ. ಕ್ಯಾಮೆರಾ ಪ್ರತಿ ಫ್ರೇಮ್ ಸರೀತಿರತೈತಿ, ಗಿಡ ಕದಲಿದ್ದನ್ನ ನೋಡಿ ಪಾತ್ರ ಕದಲಿತು ಅಂತೀರಿ. ಮೊಣಕೈ ಒಂದನ್ನ ಹಿಡ್ಕೊಂಡು ಎಣಿಸ್ರಿ. ಮತ್ತ ವಾಟ್ಸಾಪ್‌ದಾಗ ಬಂದ ತುಣುಕು ನೋಡಿ ಎಣಿಸಬ್ಯಾಡ್ರಿ. 24ರದ್ದನ್ನ 30ಕ್ಕ ಹಿಗ್ಗಿಸಿದ್ರ ಪ್ರತಿ ನಾಲ್ಕು ಫ್ರೇಮಿಗೆ ಒಂದು ಎರಡು ಸಲ ಬರತೈತಿ, ಲೆಕ್ಕ ಕೆಡತೈತಿ. ವಿಡಿಯೋ ಮ್ಯಾಲ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತಗದ್ರ, ರೆಸಲ್ಯೂಶನ್ ಪಕ್ಕದಾಗ 24 ಇದ್ರ ಮುಂದುವರೀರಿ.

ಗಿರ್ಮಿಟ್ ಬಂತು. ಮ್ಯಾಲ ಹಸಿ ಉಳ್ಳಾಗಡ್ಡಿ, ಸೇವು. ಇದನ್ನ ಮೆತ್ತಗಾಗೂದರೊಳಗ ತಿನ್ನಬೇಕು, ಮಾತು ಸ್ವಲ್ಪ ನುಂಗ್ಕೋತ ಬರತೈತಿ.

ಡಬ್ಬಿಂಗ್ ಬಗ್ಗೆ ಹೇಳಬೇಕು. 2023ರ ‘ಅಕ್ರಾಸ್ ದ ಸ್ಪೈಡರ್-ವರ್ಸ್’ ನಮ್ಮ ದೇಶದಾಗ 10 ಭಾಷೆಯಾಗ ಬಂತು, ಕನ್ನಡನೂ ಅದರಾಗ ಒಂದು. ಮುಂದಿಂದೂ ಕನ್ನಡದಾಗ ಬರಬೇಕು, ಬಂದಾಗ ಹೋಗಿ ನೋಡಬೇಕು, ಇಲ್ಲಂದ್ರ ಬೆಳಿಗ್ಗೆ ಒಂದು ಶೋ ಇಟ್ಟು ಎರಡು ದಿನಕ್ಕ ತಗೀತಾರ. ಒಳ್ಳೆ ಡಬ್ಬಿಂಗ್ ಗುರ್ತು ಹಿಡಿಯೋದು ತುಟಿಯಿಂದ. ಪ, ಬ, ಮ ಅಂದಾಗ ತುಟಿ ಕೂಡತಾವ. ಪರದೆ ಮ್ಯಾಲ ‘ಹೆಲ್ಪ್ ಮೀ’ ಅಂತಾನ, ನಡುವ ತುಟಿ ಮುಚ್ಚತಾವ. ಬರದವ್ರು ‘ಉಳಿಸು’ ಅಂತ ಇಟ್ರ ತುಟಿ ಮುಚ್ಚಿದಾಗ ದನಿ ಹರೀತಿರತೈತಿ, ಕಣ್ಣು ಕಿವಿ ಜಗಳಾಡ್ತಾವ. ‘ಕಾಪಾಡು’ ಅಂದ್ರ ಪಾ ಅಲ್ಲೇ ಕೂಡತೈತಿ. ಇಷ್ಟ ಸಣ್ಣ ಕೆಲಸ, ಇಷ್ಟ ದೊಡ್ಡ ಫರಕು. ಮತ್ತ ಒಂದು ಬ್ಯಾಸರ ಐತಿ. ನಮ್ಮ ಕಡಿ ಮಾತನ್ನ ನಗಿಸೋ ಪಾತ್ರಕ್ಕಷ್ಟ ಕೊಡ್ತಾರ. ವೀರನೂ ಹಿಂಗ ಮಾತಾಡ್ಲಿ, ಋಷಿನೂ ಹಿಂಗ ಮಾತಾಡ್ಲಿ. ಪರಶುರಾಮ ನಮ್ಮ ಭಾಷೆಯಾಗ ಗುಡುಗಿದ್ರ ಇಡೀ ಥೇಟರ್ ಮೌನ ಆಗತೈತಿ, ಇದು ನನ್ನ ನಂಬಿಕಿ.

ಮಾತಿಲ್ಲದ್ದೂ ಒಂದು ಹೇಳಿಬಿಡ್ತೀನಿ, ‘ಫ್ಲೋ’. ಲಾತ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಮಾಡಿದ್ದು, 2025ರಾಗ ಆಸ್ಕರ್ ಬಂತು. ಬೆಕ್ಕು, ನಾಯಿ, ಒಂದು ದೋಣಿ, ಒಂದೂ ಶಬ್ದ ಮಾತಿಲ್ಲ. ಬ್ಲೆಂಡರ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್‌ನ್ಯಾಗ ಮಾಡ್ಯಾರ. ಹತ್ರದಿಂದ ನೋಡಿದ್ರ ಬೆಕ್ಕಿನ ತುಪ್ಪಳದಾಗ ಒಂದೊಂದು ಎಳಿ ಇಲ್ಲ, ಬಣ್ಣ ಸವರಿದಂಗ ಐತಿ. ಆದ್ರ ಅದು ನೀರಿಗೆ ಹೆದರಿ ಹಿಂಗಾಲಿನ ಮ್ಯಾಲ ತೂಕ ಹಾಕಿ ತಡೀತೈತಲ್ರಿ, ನಮ್ಮ ಹಿತ್ತಲದಾಗಿನ ಬೆಕ್ಕು ಹಂಗ ಮಾಡತೈತಿ. ಇದನ್ನೂ ಕನ್ನಡ ನಾಡಿನ ಯಾವ ಊರಿನ ಹುಡುಗೂರಾದ್ರೂ ಅದೇ ಸಾಫ್ಟ್‌ವೇರ್ ಇಳಿಸ್ಕೊಂಡು ಕಲೀಬಹುದು.

ಎಲ್ಲಕ್ಕಿಂತ ಯಾವುದಕ್ಕ ಹೆಚ್ಚು ಕಾಯಾಕತ್ತೀನಿ? ಬಸ್ಸಿನ್ಯಾಗ ಕುಂತಾಗ ಬಿಯಾಂಡ್ ಅಂತಿದ್ದೆ. ಈಗ ಪರಶುರಾಮ ಅಂತೀನಿ. ಸ್ಪೈಡರ್-ವರ್ಸ್‌ದವ್ರು ಚಂದ ಮಾಡ್ತಾರ ಅನ್ನೋದು ಗೊತ್ತಿರೋ ಮಾತು. ಇವ್ರು ಕಾಲು ಜಾರೋದನ್ನ ನಿಲ್ಲಿಸಿದ್ರ, ಮುಂದಿನ ಐದೂ ಸಿನಿಮಾಕ್ಕ ದಾರಿ ಆಗತೈತಿ.

ಇವೆಲ್ಲಕ್ಕಿಂತ ಮೊದಲ, 2026ರ ಜೂನ್‌ಕ್ಕ ‘ಟಾಯ್ ಸ್ಟೋರಿ 5’ ಐತಿ. ಈ ಸಲ ಗೊಂಬಿಗಳ ಎದುರು ಟ್ಯಾಬ್ಲೆಟ್ ನಿಂತೈತಿ, ಪ್ಲಾಸ್ಟಿಕ್ ಮುಂದ ಗಾಜು. ಪರದೆ ಬೆಳಕು ಗೊಂಬಿ ಮುಖದ ಮ್ಯಾಲ ಹೆಂಗ ಬೀಳತೈತಿ ನೋಡ್ರಿ. 2ಡಿ, ಕೌಂಟರ್ ಟಿಕೆಟ್, ನಡುವಿನ ಸೀಟು. ಚಿಗರಿ ಬಂತು, ಹತ್ತೋಣ್ರಿ.