ಜಪಾನೀಸ್‌ಗೆ ಕನ್ನಡದ ದಾರಿಯಲ್ಲೇ ಹೋಗೋಣ

ನಮಸ್ಕಾರ. ಬೆಳಿಗ್ಗೆ ಮನೆಯಿಂದ ಹೊರಡುವಾಗ ಅಮ್ಮನಿಗೆ ಏನು ಹೇಳುತ್ತೀರಿ? ‘ಹೋಗ್ತೀನಿ’ ಅಂದರೆ ಬೈಸಿಕೊಳ್ಳುತ್ತೀರಿ. ‘ಹೋಗಿ ಬರ್ತೀನಿ’ ಅನ್ನಬೇಕು. ಆಗ ಅಮ್ಮ ‘ಹೋಗಿ ಬಾ’ ಅನ್ನುತ್ತಾರೆ. ಜಪಾನಿನ ಮನೆಗಳಲ್ಲೂ ಹಾಗೇ. ಹೊರಡುವವರು ‘ಇತ್ತೆಕಿಮಸು’ ಅನ್ನುತ್ತಾರೆ. ‘ಇತ್ತೆ’ ಅಂದರೆ ಹೋಗಿ, ‘ಕಿಮಸು’ ಅಂದರೆ ಬರುತ್ತೇನೆ. ಒಳಗಿರುವವರು ‘ಇತ್ತೆರಷ್ಷಯ್’ ಅನ್ನುತ್ತಾರೆ. ಹೋಗಿ ಬನ್ನಿ ಅಂತ.

ಇದನ್ನು ನಾನು ಮೊದಲು ಓದಿದ್ದು ಇಂಟರ್ನೆಟ್ಟಿನ ಒಂದು ಇಂಗ್ಲಿಷ್ ಪಾಠದಲ್ಲಿ. ‘ಇಂಗ್ಲಿಷಿನಲ್ಲಿ ಇದಕ್ಕೆ ಸರಿಯಾದ ಮಾತಿಲ್ಲ’ ಅಂತ ಶುರು ಮಾಡಿ, ಅರ್ಧ ಪುಟ ವಿವರಣೆ ಕೊಟ್ಟಿದ್ದರು. ಆ ಅರ್ಧ ಪುಟವನ್ನೂ ಬಾಯಿಪಾಠ ಮಾಡಿದೆ. ಎಷ್ಟೋ ದಿನ ಆದ ಮೇಲೆ, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಅಮ್ಮನಿಗೆ ‘ಹೋಗಿ ಬರ್ತೀನಿ’ ಅಂದೆ. ಆಗ ತಲೆಗೆ ಹೊಳೆಯಿತು. ಈ ಮಾತು ನನ್ನ ಬಾಯಲ್ಲಿ ಮೊದಲೇ ಇತ್ತು. ಅದನ್ನು ಇಂಗ್ಲಿಷಿಗೆ ಒಯ್ದು, ಅಲ್ಲಿ ಕಷ್ಟಪಟ್ಟು, ಮತ್ತೆ ವಾಪಸ್ ತಂದಿದ್ದೆ.

ಇವತ್ತು ನಾನು ಹೇಳಬೇಕಾಗಿರುವುದು ಇದನ್ನೇ. ಜಪಾನೀಸ್ ಕಲಿಯುವವರಿಗೆ ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಒಳ್ಳೆಯ ಸಾಮಗ್ರಿ ಇದೆ, ಹೆಚ್ಚಿನದು ಬಿಟ್ಟಿ. ಆದರೆ ಅದರಲ್ಲಿ ಬಹುಪಾಲು ಇಂಗ್ಲಿಷ್ ಮಾತಾಡುವವರಿಗೆ ಯಾವುದು ಕಷ್ಟವೋ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅವರ ಕಷ್ಟ ಬೇರೆ, ನಮ್ಮ ಕಷ್ಟ ಬೇರೆ. ಸಾಮಗ್ರಿ ಅವರದ್ದೇ ಇರಲಿ, ಓದುವ ಕಿವಿ ಮಾತ್ರ ಕನ್ನಡದ್ದಾಗಿರಲಿ.

ಮೊದಲು ನಿಘಂಟಿನ ವಿಷಯ. ಜಪಾನೀಸ್ ಕಲಿಯುವ ಯಾರ ಫೋನಿನಲ್ಲಾದರೂ ಜಿಶೊ ಅನ್ನುವ ವೆಬ್‌ಸೈಟೋ ಯಾವುದಾದರೂ ನಿಘಂಟಿನ ಆ್ಯಪೋ ಇದ್ದೇ ಇರುತ್ತದೆ. ಆ್ಯಪ್ ಬೇರೆ ಬೇರೆ ಆದರೂ ಅರ್ಥ ಮಾತ್ರ ಪದಕ್ಕೆ ಪದ ಒಂದೇ ಇರುವುದನ್ನು ಗಮನಿಸಿದ್ದೀರಾ? ಯಾಕೆಂದರೆ ಬಹಳಷ್ಟು ಆ್ಯಪ್‌ಗಳ ಹೊಟ್ಟೆಯಲ್ಲಿರುವುದು ಒಂದೇ ನಿಘಂಟು. ಅದರ ಹೆಸರು ಜೆಎಂಡಿಕ್ಟ್. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಲ್ಲಿದ್ದ ಜಿಮ್ ಬ್ರೀನ್ 1991ರಲ್ಲಿ ಎಡಿಕ್ಟ್ ಅನ್ನುವ ಪದಪಟ್ಟಿಯನ್ನು ಬೆಳೆಸಲು ಶುರು ಮಾಡಿದರು. ಪ್ರಪಂಚದ ಎಲ್ಲೆಲ್ಲಿಂದಲೋ ಜನ ಪದ ಸೇರಿಸಿದರು, ತಪ್ಪು ತಿದ್ದಿದರು. ಇವತ್ತು ಅದರಲ್ಲಿ 2 ಲಕ್ಷದ ಆಸುಪಾಸು ನಮೂದುಗಳಿವೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಳಸಬಹುದು, ಬೆಳೆಸಬಹುದು. ಮೂಲದ ಹೆಸರು ಹೇಳಬೇಕು, ಬೆಳೆಸಿದ್ದನ್ನು ಅದೇ ಷರತ್ತಿನ ಮೇಲೆ ಹಂಚಬೇಕು, ಅಷ್ಟೇ. ಇಂಗ್ಲಿಷ್ ಬಿಟ್ಟು ಜರ್ಮನ್, ಫ್ರೆಂಚ್, ರಷ್ಯನ್, ಡಚ್, ಹಂಗೇರಿಯನ್ ಅರ್ಥಗಳೂ ಅದರಲ್ಲಿವೆ. ಸ್ಲೊವೇನಿಯನ್ ಕೂಡ ಇದೆ. ಸ್ಲೊವೇನಿಯಾದ ಜನಸಂಖ್ಯೆ ಎಷ್ಟು ಗೊತ್ತಾ? ಸುಮಾರು 20 ಲಕ್ಷ. ನಮ್ಮ ಒಂದು ಜಿಲ್ಲೆಯಷ್ಟು. ಕನ್ನಡ ಇನ್ನೂ ಇಲ್ಲ. ಈ ಮಾತಿಗೆ ಆಮೇಲೆ ಬರುತ್ತೇನೆ.

ನಿಘಂಟಿನಲ್ಲಿ ಪದದ ಕೆಳಗೆ ಉದಾಹರಣೆ ವಾಕ್ಯಗಳು ಇರುತ್ತವಲ್ಲ, ಅವುಗಳನ್ನು ಸುಮ್ನೆ ನಂಬಬೇಡಿ. ಅದರಲ್ಲಿ ಬಹಳಷ್ಟು ಬಂದಿರುವುದು ಜಪಾನಿನ ಪ್ರೊಫೆಸರ್ ಯಾಸುಹಿತೊ ತನಾಕಾ ಅವರ ಸಂಗ್ರಹದಿಂದ. ಒಬ್ಬೊಬ್ಬರೂ 300 ಜೋಡಿ ವಾಕ್ಯ ತನ್ನಿ ಅಂತ ಅವರು ವಿದ್ಯಾರ್ಥಿಗಳಿಗೆ ಕೆಲಸ ಕೊಟ್ಟಿದ್ದರು. ವರ್ಷಗಟ್ಟಲೆ ಹೀಗೆ ಕೂಡಿ ಲಕ್ಷಗಟ್ಟಲೆ ವಾಕ್ಯ ಆಯಿತು. ಈಗ ಅದು ತತೋಎಬಾ ಅನ್ನುವ ತಾಣದಲ್ಲಿದೆ. ಆ ಹೆಸರಿನ ಅರ್ಥವೇ ‘ಉದಾಹರಣೆಗೆ’. ದೊಡ್ಡ ಉಪಕಾರ, ಆದರೆ ಅದರಲ್ಲಿ ತಪ್ಪುಗಳೂ ಸೇರಿಕೊಂಡಿದ್ದವು. ಜನ ತಿದ್ದುತ್ತಲೇ ಇದ್ದಾರೆ. ಒಂದು ವಾಕ್ಯ ಓದಿ ವಿಚಿತ್ರ ಅನ್ನಿಸಿದರೆ ಬಿಟ್ಟುಬಿಡಿ, ಇನ್ನೊಂದು ನೋಡಿ.

ಈಗ ಅಕ್ಷರಕ್ಕೆ ಬರೋಣ. ತುಂಬಾ ಜನ ಇಲ್ಲೇ ಹೆದರುತ್ತಾರೆ. ಜಪಾನೀಸ್ ಧ್ವನಿಗಳನ್ನು ಬರೆಯುವ ಲಿಪಿ ಎರಡು. ಹಿರಗಾನದಲ್ಲಿ ಮೂಲ ಅಕ್ಷರ 46, ಕತಕಾನದಲ್ಲೂ 46. ಇಂಗ್ಲಿಷ್ ವಿಡಿಯೋಗಳಲ್ಲಿ ಇದಕ್ಕೆ ಚಿತ್ರ, ಹಾಡು, ಕಥೆ ಎಲ್ಲ ಇರುತ್ತದೆ. ನೀವು ಮಾತ್ರ ಆ ಕೋಷ್ಟಕವನ್ನು ಜೋರಾಗಿ ಒಮ್ಮೆ ಓದಿ. ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ವರ್ಣಮಾಲೆಯ ಕ, ಚ, ತ, ನ, ಪ, ಮ, ಯ, ರ, ವ. ಇದು ಕಾಕತಾಳೀಯ ಅಲ್ಲ. ಬೌದ್ಧ ಭಿಕ್ಷುಗಳು ಸಂಸ್ಕೃತದ ಅಕ್ಷರಕ್ರಮ ಕಲಿತಿದ್ದರು, ಆ ಕ್ರಮದಲ್ಲೇ ಜಪಾನೀಸ್ ಅಕ್ಷರಗಳು ಜೋಡಣೆಯಾದವು. ಪ ಇರಬೇಕಾದ ಕಡೆ ಹ ಯಾಕಿದೆ? ಬಹಳ ಹಿಂದೆ ಆ ಧ್ವನಿ ಪ ಆಗಿತ್ತು ಅಂತ ವಿದ್ವಾಂಸರು ಹೇಳುತ್ತಾರೆ. ಹಳಗನ್ನಡದ ಪಾಲು ನಮ್ಮಲ್ಲಿ ಹಾಲು ಆಯಿತಲ್ಲ, ಪೂ ಹೂ ಆಯಿತಲ್ಲ, ಹಾಗೇ. ಇದು ಗೊತ್ತಾದ ದಿನ ನಾನು ಖುಷಿಯಿಂದ ಎದ್ದು ನಿಂತೆ. ಎಷ್ಟೋ ಸಾವಿರ ಮೈಲಿ ದೂರದ ಎರಡು ಭಾಷೆಗಳ ಬಾಯಲ್ಲಿ ಒಂದೇ ಧ್ವನಿ ಒಂದೇ ಥರ ಸವೆದಿದೆ.

ಇದರಿಂದ ಒಂದು ಕೆಲಸದ ಮಾತು ಹೇಳುತ್ತೇನೆ. ಜಪಾನೀಸನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಬೇಡಿ. ನಾನು ಫೀಸು ಕಟ್ಟಿ ಸೇರಿದ್ದ ಒಂದು ಆನ್‌ಲೈನ್ ತರಗತಿಯಲ್ಲಿ ಮೂರು ತಿಂಗಳು ಎಲ್ಲ ನೋಟ್ಸೂ ಇಂಗ್ಲಿಷ್ ಲಿಪಿಯಲ್ಲೇ ಇತ್ತು. ಹ್ರಸ್ವ ಯಾವುದು, ದೀರ್ಘ ಯಾವುದು ಅಂತ ಅದರಲ್ಲಿ ಕಾಣುತ್ತಲೇ ಇರಲಿಲ್ಲ. ‘ಒಬಸನ್’ ಅಂದರೆ ಚಿಕ್ಕಮ್ಮ, ಅತ್ತೆ ವಯಸ್ಸಿನವರು. ‘ಒಬಾಸನ್’ ಅಂದರೆ ಅಜ್ಜಿ. ಆ ಒಂದು ದೀರ್ಘ ಇಲ್ಲದೆ ಎರಡನ್ನೂ ಒಂದೇ ಥರ ಹೇಳುತ್ತಿದ್ದೆ. ಆ ಮೂರು ತಿಂಗಳ ಅಭ್ಯಾಸ ಬಿಡಿಸಿಕೊಳ್ಳಲು ಇನ್ನೂ ಜಾಸ್ತಿ ಕಾಲ ಬೇಕಾಯಿತು. ಅದೇ ಕನ್ನಡದಲ್ಲಿ ಬರೆದುಕೊಂಡಿದ್ದರೆ ಕಣ್ಣಿಗೇ ಕಾಣುತ್ತಿತ್ತು. ಒತ್ತಕ್ಷರವೂ ಅಷ್ಟೇ. ‘ಕಿತೆ’ ಅಂದರೆ ಬಂದು, ‘ಕಿತ್ತೆ’ ಅಂದರೆ ಅಂಚೆಚೀಟಿ. ಇಂಗ್ಲಿಷಿನವರಿಗೆ ಈ ವ್ಯತ್ಯಾಸ ಹೇಳಿಕೊಡಲು ಉದ್ದುದ್ದ ವಿಡಿಯೋ ಬೇಕು. ಕತೆಗೂ ಕತ್ತೆಗೂ ವ್ಯತ್ಯಾಸ ಗೊತ್ತಿರುವ ನಮ್ಮ ಮಗುವಿಗೆ ಅದು ಬೇಡ. ಮೊದಲ ಎರಡು ವಾರ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ, ಹಿರಗಾನ ಕೈಗೆ ಬಂದ ಕೂಡಲೇ ಅದನ್ನೂ ಬಿಡಿ.

ವ್ಯಾಕರಣಕ್ಕೆ ನಾನು ಯಾವಾಗಲೂ ಹೇಳುವುದು ಟೇ ಕಿಮ್ ಅವರ ಮಾರ್ಗದರ್ಶಿ. ಇಂಗ್ಲಿಷಿನಲ್ಲಿದೆ, ಪೂರ್ತಿ ಬಿಟ್ಟಿ. ಜಪಾನೀಸನ್ನು ಜಪಾನೀಸ್ ಥರವೇ ವಿವರಿಸುವ ಪ್ರಯತ್ನ ಅದರಲ್ಲಿದೆ. ಆದರೂ ಓದುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಪ್ರತಿ ಉದಾಹರಣೆಯನ್ನೂ ಕನ್ನಡಕ್ಕೆ ಪದಕ್ಕೆ ಪದ ಬರೆಯಿರಿ. ‘ಕಿನೋ ಕಿತ ಹಿತೊ’. ನಿನ್ನೆ ಬಂದ ಮನುಷ್ಯ. ಮೂರು ಪದಕ್ಕೆ ಮೂರು ಪದ, ಅದೇ ಸಾಲು. ಇಂಗ್ಲಿಷಿನಲ್ಲಿ ಇದನ್ನು ಹಿಂದುಮುಂದು ತಿರುಗಿಸಬೇಕು. ‘ತಬೆತೆ ಮಿರು’. ‘ಮಿರು’ ಅಂದರೆ ನೋಡು. ತಿಂದು ನೋಡು! ಇದನ್ನು ‘ಪ್ರಯತ್ನಾರ್ಥಕ ರೂಪ’ ಅಂತ ಒಂದು ಪಾಠವನ್ನಾಗಿ ಮಾಡಿರುತ್ತಾರೆ. ನಮ್ಮ ಅಜ್ಜಿ ಹೊಸ ಉಪ್ಪಿನಕಾಯಿ ಕೊಡುವಾಗ ದಿನಾ ಹೇಳುವ ಮಾತು ಅದು. ‘ತಬೆತೆ ಶಿಮತ್ತ’ ಅಂದರೆ ತಿಂದುಬಿಟ್ಟೆ. ಆ ‘ಬಿಟ್ಟೆ’ಯಲ್ಲಿರುವ ಅಯ್ಯೋ ಅನ್ನುವ ಭಾವವೂ ಅಲ್ಲಿದೆ. ‘ಶಿತೆ ಒಕು’ ಅಂದರೆ ಮಾಡಿ ಇಡು. ಮಾತಿನ ಕೊನೆಗೆ ಬರುವ ‘ನೆ’ ಬಹುಪಾಲು ನಮ್ಮ ‘ಅಲ್ವಾ’. ‘ಅಂತ ಹೇಳಿದ’ ಅನ್ನುವಲ್ಲಿ ನಮ್ಮ ‘ಅಂತ’ ಇರುವ ಜಾಗದಲ್ಲೇ ಅವರ ‘ತೊ’ ಇರುತ್ತದೆ.

ಹಾಗಂತ ಎರಡೂ ಅಕ್ಕತಂಗಿ ಭಾಷೆಗಳು ಅಂದುಕೊಳ್ಳಬೇಡಿ. ಜಪಾನೀಸ್‌ಗೂ ತಮಿಳಿಗೂ ನಂಟಿದೆ ಅಂತ ಸುಸುಮು ಓನೊ ಅನ್ನುವ ವಿದ್ವಾಂಸರು ವಾದಿಸಿದ್ದರು. ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ಹೋಲಿಕೆ ಕಟ್ಟೋಣದಲ್ಲಿದೆ, ರಕ್ತಸಂಬಂಧ ಸಾಬೀತಾಗಿಲ್ಲ. ಕನ್ನಡ ಕೈಕೊಡುವ ಜಾಗಗಳೂ ಇವೆ. ನಾಮಪದದ ಹಿಂದೆ ಬರುವ ‘ವ’ ಮತ್ತು ‘ಗ’ ಅನ್ನುವ ಪ್ರತ್ಯಯಗಳ ವ್ಯತ್ಯಾಸಕ್ಕೆ ನಮ್ಮಲ್ಲಿ ನೇರ ಜೋಡಿ ಇಲ್ಲ. ಬಂದೆ, ಬಂದ, ಬಂದಳು ಅಂತ ಕ್ರಿಯಾಪದ ಬದಲಾಗುವುದು ಅಲ್ಲಿಲ್ಲ, ಹಾಗಾಗಿ ಯಾರು ಬಂದರು ಅನ್ನುವುದನ್ನು ಸಂದರ್ಭದಿಂದಲೇ ತಿಳಿಯಬೇಕು. ಉಚ್ಚಾರದ ಏರಿಳಿತ ಇನ್ನೊಂದು. ‘ಅಮೆ’ ಅನ್ನುವಾಗ ಟೋಕಿಯೊ ಮಾತಿನಲ್ಲಿ ಮೊದಲ ಅಕ್ಷರ ಎತ್ತರಿಸಿದರೆ ಮಳೆ, ಎರಡನೆಯದನ್ನು ಎತ್ತರಿಸಿದರೆ ಮಿಠಾಯಿ. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಟೋಕಿಯೊ ವಿಶ್ವವಿದ್ಯಾಲಯದವರು ಮಾಡಿರುವ ಓಜಾಡ್ ಅನ್ನುವ ತಾಣದಲ್ಲಿ ವಾಕ್ಯ ಹಾಕಿದರೆ ಏರಿಳಿತವನ್ನು ಗೆರೆ ಎಳೆದು ತೋರಿಸುತ್ತದೆ.

ಕಾಂಜಿಗೆ, ಅಂದರೆ ಚೀನಾದಿಂದ ಬಂದ ಅಕ್ಷರಗಳಿಗೆ, ಅಂಕಿ (Anki) ಬಳಸಿ. ಇದು ಲೆಕ್ಕದ ಅಂಕಿ ಅಲ್ಲ, ನೆನಪಿನ ಚೀಟಿಗಳ ಸಾಫ್ಟ್‌ವೇರ್. ಮರೆಯುವ ಹೊತ್ತಿಗೆ ಸರಿಯಾಗಿ ಚೀಟಿ ಮತ್ತೆ ಎದುರಿಗೆ ಬರುತ್ತದೆ. ಹೆಸರಿನ ಅರ್ಥವೇ ಬಾಯಿಪಾಠ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್‌ನಲ್ಲೂ ಬಿಟ್ಟಿ, ಐಫೋನಿನಲ್ಲಿ ದುಡ್ಡು ಕೊಡಬೇಕು. ಜಪಾನ್ ಸರ್ಕಾರದ ನಿತ್ಯಬಳಕೆಯ ಪಟ್ಟಿಯಲ್ಲಿ 2136 ಕಾಂಜಿಗಳಿವೆ. ಅಷ್ಟನ್ನೂ ಒಂದೇ ಸಲ ಇಳಿಸಿಕೊಂಡು ಕೂರಬೇಡಿ. ದಿನಕ್ಕೆ ಐದು ಹೊಸದು ಸಾಕು. ಚೀಟಿಯನ್ನು ನೀವೇ ಬರೆಯಿರಿ, ಹಿಂಬದಿಯಲ್ಲಿ ಅರ್ಥ ಕನ್ನಡದಲ್ಲಿರಲಿ. ಬರೆಯುವಾಗಲೇ ಅರ್ಧ ನೆನಪಾಗಿರುತ್ತದೆ.

ಕೇಳಲು, ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ವರ್ಲ್ಡ್‌ನ ‘ಈಸಿ ಜಪಾನೀಸ್’ ಇದೆ. ಹಿಂದಿಯಲ್ಲಿದೆ, ಬಂಗಾಳಿಯಲ್ಲಿದೆ, ಉರ್ದುವಿನಲ್ಲಿದೆ. ಕೆಲಸಕ್ಕೆ ಹೋಗುವವರಾದರೆ ಜಪಾನ್ ಫೌಂಡೇಶನ್‌ನ ಇರೊದೊರಿ ಪುಸ್ತಕವನ್ನು ಖಂಡಿತ ಇಳಿಸಿಕೊಳ್ಳಿ. ಆಸ್ಪತ್ರೆ, ಅಂಗಡಿ, ಬಸ್ಸು, ಬಾಡಿಗೆ ಮನೆ, ಎಲ್ಲ ಬದುಕಿನ ಮಾತು. ಧ್ವನಿ ಸಮೇತ, ಬಿಟ್ಟಿ. ಹಲವು ಭಾಷೆಗಳಲ್ಲಿದೆ. ಕನ್ನಡದಲ್ಲಿಲ್ಲ.

ನನಗೆ ಸಂಕಟ ಆಗುವುದು ಇಲ್ಲೇ. 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ನಡುವೆ ಕುಶಲ ಕೆಲಸಗಾರರ ಒಪ್ಪಂದ ಆಯಿತು. ವೃದ್ಧರ ಆರೈಕೆ, ಕಟ್ಟಡ, ಕೃಷಿ, ಹೋಟೆಲ್, ಇಂಥ ಕೆಲಸಗಳಿಗೆ ಹೋಗಬಹುದು. ಕಸುಬಿನ ಪರೀಕ್ಷೆಯ ಜೊತೆಗೆ ಜೆಎಲ್‌ಪಿಟಿ ಎನ್4 ಅಥವಾ ಜೆಎಫ್‌ಟಿ ಬೇಸಿಕ್ ಅನ್ನುವ ಜಪಾನೀಸ್ ಭಾಷಾ ಪರೀಕ್ಷೆ ಪಾಸಾಗಿರಬೇಕು. ಇದಕ್ಕೆ ಹೊರಡುವ ಹುಡುಗ ಹುಡುಗಿಯರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು, ಐಟಿಐ ಮಾಡಿದವರು, ನರ್ಸಿಂಗ್ ಮಾಡಿದವರು ಇದ್ದಾರೆ. ಅವರಿಗೆ ಜಪಾನೀಸ್ ಕಲಿಯುವ ಶಕ್ತಿ ಚೆನ್ನಾಗಿಯೇ ಇದೆ. ಆದರೆ ಬಾಗಿಲಲ್ಲಿ ಇಂಗ್ಲಿಷ್ ನಿಂತಿದೆ. ‘ನನಗೆ ಇಂಗ್ಲಿಷೇ ಸರಿಯಾಗಿ ಬರಲ್ಲ ಸಾರ್, ಜಪಾನೀಸ್ ಹೇಗೆ ಬರುತ್ತೆ’ ಅಂತ ನನಗೆ ಒಬ್ಬ ಹುಡುಗ ಕೇಳಿದ. ಅವನಿಗೆ ‘ತಿಂದು ನೋಡು’ ತೋರಿಸಿದೆ. ಐದು ನಿಮಿಷಕ್ಕೆ ಅವನೇ ‘ಓದಿ ನೋಡು’, ‘ಕೇಳಿ ನೋಡು’ ಅಂತ ಜಪಾನೀಸಿನಲ್ಲಿ ಮಾಡುತ್ತಾ ಹೋದ.

ಪರೀಕ್ಷೆಯ ಬಗ್ಗೆ ಒಂದೇ ಮಾತು. 2010ರಲ್ಲಿ ಜೆಎಲ್‌ಪಿಟಿ ಬದಲಾಗಿ ಎನ್5ರಿಂದ ಎನ್1ರವರೆಗೆ ಐದು ಹಂತ ಆಯಿತು. ಅಲ್ಲಿಂದೀಚೆಗೆ ಅಧಿಕೃತ ಪದಪಟ್ಟಿಯನ್ನು ಅವರು ಹೊರಗೆ ಬಿಡುವುದಿಲ್ಲ. ‘ಎನ್5ರ ಪೂರ್ತಿ ಪಟ್ಟಿ’ ಅಂತ ಇಂಟರ್ನೆಟ್ಟಿನಲ್ಲಿ ಸಿಗುವುದೆಲ್ಲ ಅಂದಾಜು. ಅದನ್ನು ದುಡ್ಡು ಕೊಟ್ಟು ಕೊಳ್ಳಬೇಡಿ. ಮಾದರಿ ಪ್ರಶ್ನೆಗಳು ಜೆಎಲ್‌ಪಿಟಿಯವರ ವೆಬ್‌ಸೈಟಿನಲ್ಲೇ ಬಿಟ್ಟಿ ಇವೆ.

ಈಗ ಆಗಲೇ ಬಿಟ್ಟ ಮಾತಿಗೆ ಬರುತ್ತೇನೆ. ಜೆಎಂಡಿಕ್ಟ್‌ನಲ್ಲಿ ಕನ್ನಡ ಇಲ್ಲ. ಕನ್ನಡ ಸೇರಿಸಿ ಬೆಳೆಸಲು ಯಾರ ಅಪ್ಪಣೆಯೂ ಬೇಕಿಲ್ಲ, ಲೈಸೆನ್ಸ್ ಈಗಾಗಲೇ ಕೊಟ್ಟಾಗಿದೆ. 2 ಲಕ್ಷ ಪದವೂ ಬೇಡ. ಮೊದಲ ಹಂತಕ್ಕೆ ಬೇಕಾಗುವ ಎಂಟುನೂರು, ಸಾವಿರ ಪದ ಆದರೆ ಸಾಕು, ಒಬ್ಬ ಕನ್ನಡ ಮಾಧ್ಯಮದ ಹುಡುಗಿ ಯಾರನ್ನೂ ಕೇಳದೆ ಶುರು ಮಾಡಬಹುದು. ನಾನು ದಿನಕ್ಕೆ ಹತ್ತು ಪದದಂತೆ ಬರೆಯುತ್ತಿದ್ದೇನೆ. ಇಂಗ್ಲಿಷ್ ಅರ್ಥ ನೋಡಿ ಕನ್ನಡ ಮಾಡುವುದಿಲ್ಲ, ಜಪಾನೀಸ್ ವಾಕ್ಯಗಳನ್ನು ಓದಿ ಬರೆಯುತ್ತೇನೆ. ‘ಕಿರಕಿರ’ಕ್ಕೆ ಪಳಪಳ, ‘ದೊಕಿದೊಕಿ’ಗೆ ಡವಡವ. ಇಂಥವು ಬಂದ ದಿನ ಕೆಲಸ ಹಬ್ಬದ ಹಾಗಿರುತ್ತದೆ.

ಕೆಲವು ಪದಗಳಿಗೆ ದಿನಗಟ್ಟಲೆ ಕೂರುತ್ತೇನೆ. ಈ ವಾರ ‘ಸಬಿಶೀ’ ಹಿಡಿದುಕೊಂಡಿದ್ದೇನೆ. ಜನ ಇಲ್ಲದ ಬೀದಿಗೂ ಅದೇ ಪದ, ಮಗ ಹೋಸ್ಟೆಲ್‌ಗೆ ಹೋದ ಮೇಲೆ ಅಮ್ಮನಿಗೆ ಆಗುವುದಕ್ಕೂ ಅದೇ ಪದ. ಬೀದಿಗೆ ‘ಬಿಕೋ ಅನ್ನುವುದು’ ಅಂತ ಬರೆದಿದ್ದೇನೆ. ಅಮ್ಮನಿಗೆ ‘ಒಂಟಿತನ’ ಅಂದರೆ ಪುಸ್ತಕದ ಮಾತಾಗುತ್ತದೆ, ‘ಬೇಜಾರು’ ಅಂದರೆ ಸಾಲದು. ನಿಮ್ಮ ಮನೆಯಲ್ಲಿ, ನಿಮ್ಮ ಊರ ಕಡೆ ಇದಕ್ಕೆ ಏನು ಹೇಳುತ್ತಾರೆ? ಬರೆದು ಕಳಿಸಿ, ಆ ಚೀಟಿಯ ಹಿಂಬದಿ ಇನ್ನೂ ಖಾಲಿ ಇದೆ.